ಉಬ್ಬಸ ಎಣಿಸಿದ್ದು ಸಾಕು, ಪಂಪ್ ಕೊಡಿ

ಶಿಕಾರಿಪುರದ ಕಡೆ ಮೆಕ್ಕೆಜೋಳ ಒಕ್ಕಣೆಯ ದೂಳು, ಸೊರಬದ ಕಡೆ ಅಡಿಕೆ ಬೇಯಿಸುವ ಒಲೆಯ ಹೊಗೆ. ಅದರ ಬೆನ್ನಿಗೇ ರಾತ್ರಿ ಉಬ್ಬಸ. ಎದೆಯೊಳಗೆ ಸಿಳ್ಳೆ ಹೊಡೆದ ಹಾಗೆ ಸದ್ದು, ಮಂಚದ ಅಂಚಿಗೆ ಕೂತು ಬೆಳಗು ಕಾಯುವುದು. ಬೆಳಗಾದರೆ ಆಸ್ಪತ್ರೆ, ಒಂದು ಇಂಜೆಕ್ಷನ್, ನೆಬುಲೈಸರ್, ನಾಲ್ಕು ಗುಳಿಗೆ. ಮುಂದಿನ ವಾರ ಮತ್ತದೇ.

ಸರ್ಕಾರ ಏನೂ ಮಾಡಿಲ್ಲ ಅಂತ ನಾವು ಹೇಳುವುದಿಲ್ಲ. ಆಶಾ ಕಾರ್ಯಕರ್ತೆ ತರುವ ಫಾರಂನಲ್ಲಿ ಉಸಿರಾಟದ ತೊಂದರೆ ಇದೆಯಾ, ಅಡುಗೆಗೆ ಸೌದೆಯಾ ಗ್ಯಾಸಾ ಅಂತ ಕೇಳುವ ಕಾಲಂ ಇದೆ. ಅದು 30 ದಾಟಿದವರಿಗೆ. ಶಾಲೆ, ಅಂಗನವಾಡಿ ಮಕ್ಕಳನ್ನು ನೋಡುವ ಆರ್‌ಬಿಎಸ್‌ಕೆ ತಂಡದ ಪಟ್ಟಿಯಲ್ಲೂ ಉಬ್ಬಸ ಇದೆ. ಸರಿ, ಎಣಿಸಿದಿರಿ. ಎಣಿಸಿದ ಮೇಲೆ ಕೈಗೆ ಏನು ಕೊಟ್ಟಿರಿ?

ನಮ್ಮ ಜಗಳ ಇರುವುದು ಇಲ್ಲೇ. ಸಾಲ್ಬುಟಮಾಲ್ ಬಿಗಿದ ಉಸಿರುನಾಳವನ್ನು ನಾಲ್ಕಾರು ಗಂಟೆ ಸಡಿಲಿಸುತ್ತದೆ. ಒಳಗಿನ ಊತ ಹಾಗೇ ಇರುತ್ತದೆ. ಊತ ಇಳಿಸುವುದು ಬುಡೆಸೊನೈಡ್‌ನಂಥ ಸ್ಟಿರಾಯ್ಡ್ ಪಂಪ್. ವೈದ್ಯರು ಬರೆದುಕೊಟ್ಟರೆ ಆರಾಮಾಗಿದ್ದಾಗಲೂ ದಿನಾ ಎಳೆಯಬೇಕು, ಸಾವು ತಪ್ಪಿಸುವುದೂ ಅದೇ. ಕೇಂದ್ರದ 2022ರ ಅಗತ್ಯ ಔಷಧಿ ಪಟ್ಟಿಯಲ್ಲಿ ಅದರ ಹೆಸರಿದೆ. ನಾವು ಹೋದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರ ಸಿಕ್ಕ ಉತ್ತರ, "ಹೊರಗೆ ತಗೊಳ್ಳಿ." ಕೂಲಿಯವರು ಹೇಗೋ ಒಂದು ಪಂಪ್ ತರುತ್ತಾರೆ, ಉಸಿರು ಸಲೀಸಾದ ಕೂಡಲೇ ಬಿಡುತ್ತಾರೆ. ಮೇಲಿಂದ 'ಪಂಪ್ ಹಿಡಿದರೆ ಚಟ ಆಗುತ್ತೆ' ಅನ್ನುವ ಮಾತು ಬೇರೆ. ಬೀಡಿ ಸೇದುತ್ತಲೇ ಹಾಗೆ ಹೇಳಿದವರನ್ನೂ ನೋಡಿದ್ದೇವೆ.

ಲೋಕದ ಅಸ್ತಮಾ ರೋಗಿಗಳಲ್ಲಿ ನಮ್ಮ ದೇಶದವರು ನೂರಕ್ಕೆ ಸುಮಾರು 13. ಅಸ್ತಮಾದಿಂದ ಸಾಯುವವರಲ್ಲಿ ನೂರಕ್ಕೆ 42 ಎಂಬ ಅಂದಾಜಿದೆ. ಇದನ್ನು ಹಣೆಬರಹ ಅನ್ನಬೇಕೇ? ಫಿನ್ಲೆಂಡ್ ದೇಶ 1994ರಿಂದ 10 ವರ್ಷ ಒಂದು ಕಾರ್ಯಕ್ರಮ ನಡೆಸಿತು. ರೋಗ ಗೊತ್ತಾದ ಕೂಡಲೇ ಸ್ಟಿರಾಯ್ಡ್ ಪಂಪ್ ಕೊಟ್ಟರು, ನರ್ಸ್‌ಗಳಿಗೂ ಔಷಧಿ ಅಂಗಡಿಯವರಿಗೂ ತರಬೇತಿ ಕೊಟ್ಟರು. ರೋಗಿಗಳು ಆಸ್ಪತ್ರೆಯಲ್ಲಿ ಮಲಗುವ ದಿನಗಳು ಅರ್ಧದಷ್ಟು ಇಳಿದವು, ಸಾವೂ ಇಳಿಯಿತು. ಅದಕ್ಕೆ ದೊಡ್ಡ ಕಟ್ಟಡ ಬೇಕಾಗಲಿಲ್ಲ.

ಸೊರಬ ಬಂಗಾರಪ್ಪನವರನ್ನು ಕೊಟ್ಟಿತು, ಶಿಕಾರಿಪುರ ಯಡಿಯೂರಪ್ಪನವರನ್ನು. ಇಬ್ಬರು ಮುಖ್ಯಮಂತ್ರಿಗಳ ತಾಲ್ಲೂಕುಗಳಲ್ಲಿ ಉಸಿರು ಸಿಕ್ಕಿಕೊಂಡವರನ್ನು ನಡುರಾತ್ರಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ 50 ಕಿಲೋಮೀಟರ್‌ಗೂ ಹೆಚ್ಚು ದೂರ ಓಡಿಸುವ ಪರಿಸ್ಥಿತಿ ಯಾಕೆ ಬರಬೇಕು? ಬಿಪಿ ಗುಳಿಗೆ ತಿಂಗಳು ತಿಂಗಳು ಕೊಡುವ ಹಾಗೆ ಪಂಪನ್ನೂ ಕೊಡಲಿ. ಎಳೆಯುವುದು ಹೇಗೆ ಅಂತ ನರ್ಸ್ ಐದು ನಿಮಿಷ ತೋರಿಸಲಿ. ತಪ್ಪಾಗಿ ಎಳೆದರೆ ಔಷಧಿ ಗಂಟಲಲ್ಲೇ ಉಳಿಯುತ್ತದೆ.

ಈ ವಾರ ನಿಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಹೋದಾಗ "ಬುಡೆಸೊನೈಡ್ ಪಂಪ್ ಇದೆಯಾ?" ಅಂತ ಹೆಸರು ಹಿಡಿದೇ ಕೇಳಿ. ಏನು ಉತ್ತರ ಬಂತು, ಯಾವ ದಿನ ಅಂತ ನಮಗೆ ಬರೆಯಿರಿ. ಆ ಪಟ್ಟಿ ಹಿಡಿದುಕೊಂಡು ನಾವು ತಾಲ್ಲೂಕು ಆರೋಗ್ಯಾಧಿಕಾರಿಗಳ ಮುಂದೆ ಕೂರುತ್ತೇವೆ.