ಸೆಟ್ಟು ಒಂದೇ, ಮನೆ ನಾಲ್ಕು

ಬ್ಯಾಂಕಿನ ನೌಕರಿ ಎಂದ ಮೇಲೆ ವರ್ಗಾವಣೆ ತಪ್ಪಿದ್ದಲ್ಲ. ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ಸುತ್ತಿ ಕೊನೆಗೆ ಕೋಲಾರದಲ್ಲಿ ನೆಲೆ ನಿಂತವನು ನಾನು. ಹೋದಲ್ಲೆಲ್ಲ ನನ್ನ ಜೊತೆ ಒಂದು ಸ್ಟೀರಿಯೋ ಸೆಟ್ಟೂ ಲಾರಿ ಹತ್ತಿತು. 1986ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡದ್ದು: ಒಂದು ಕ್ಯಾಸೆಟ್ ಡೆಕ್, ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್ ಪೆಟ್ಟಿಗೆ.

ಹೋದ ತಿಂಗಳು ಆ ಸೆಟ್ಟಿನ ಮುಂದೆ ನಮ್ಮ ಮನೆಯಲ್ಲಿ ದೊಡ್ಡ ಪಂಚಾಯ್ತಿ ನಡೆಯಿತು. ಮೊಮ್ಮಗಳ ಮದುವೆ ಹತ್ತಿರ ಬಂದಿದೆ. ತನ್ನನ್ನು ಹಸೆಗೆ ಕೂರಿಸುವಾಗ ಅಜ್ಜಿಯ ಹಾಡನ್ನೇ ಹಾಡಬೇಕೆಂದು ಅವಳ ಆಸೆ. ಅಜ್ಜಿ ಹೋಗಿ ಆರು ವರ್ಷವಾಯಿತು. ಹಾಡನ್ನು ಯಾರೂ ಬರೆದಿಟ್ಟಿಲ್ಲ. ಉಳಿದಿರುವುದು ಶ್ರೀನಿವಾಸಪುರದಲ್ಲಿದ್ದಾಗ, ನಾದಿನಿಯ ಮದುವೆಯಲ್ಲಿ ನಾನು ತುಂಬಿಕೊಂಡ ಒಂದೇ ಒಂದು ಕ್ಯಾಸೆಟ್. ಹಾಕಿ ನೋಡಿದರೆ ದನಿ ಅವಳದೇ; ಮಾತು ಮಾತ್ರ ತಿಳಿಯದು. ಕೊಡದೊಳಗೆ ಬಾಯಿಟ್ಟು ಹಾಡಿದ ಹಾಗೆ.

"ತಾತ, ಆಂಪ್ಲಿಫೈಯರ್ ಹಳೇದಾಯ್ತು, ಬದಲಾಯಿಸೋಣ" ಎಂದ ಮೊಮ್ಮಗ. ಅವನು ಮೊಬೈಲಿನಲ್ಲಿ ತೋರಿಸಿದ್ದರ ಬೆಲೆ 40 ಸಾವಿರ. ಅದರ ವೈರಿಗೇ ಇನ್ನು 6 ಸಾವಿರ!

ನನ್ನದು ಗುಮಾಸ್ತನ ಬುದ್ಧಿ. ಲೆಕ್ಕ ತಾಳೆಯಾಗದಿದ್ದರೆ ನಾವು ಹೊಸ ಲೆಡ್ಜರು ತರಿಸುವುದಿಲ್ಲ, ಮೊದಲನೇ ವೋಚರಿನಿಂದ ನೋಡುತ್ತಾ ಬರುತ್ತೇವೆ. ಹಾಗೇ ಮಾಡೋಣಪ್ಪ ಎಂದೆ.

ಮೊದಲನೆಯದು ಕ್ಯಾಸೆಟ್. ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ವೇಗದಲ್ಲಿ ಟೇಪು 'ಹೆಡ್ಡು' ಎಂಬ ಪುಟ್ಟ ಲೋಹದ ತುಂಡನ್ನು ಉಜ್ಜಿಕೊಂಡು ಹೋಗುತ್ತದೆ. ಅದರ ಮೇಲೆ ಕಂದು ಪುಡಿ ಕೂತರೆ ಮೊದಲು ಕಳೆದುಹೋಗುವುದು ಸಣ್ಣ ಸ್ವರಗಳು. ಸ, ಶ, ಚ, ತ ಇವುಗಳ ಸ್ಪಷ್ಟತೆಯೆಲ್ಲ ಇರುವುದು ಅಲ್ಲೇ. ಅದಕ್ಕೇ ದನಿ ಗುರುತು ಸಿಗುತ್ತದೆ, ಮಾತು ಸಿಗುವುದಿಲ್ಲ. ಪ್ಲಗ್ಗು ತೆಗೆದು, ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿ ಒರೆಸಿದೆವು. ಹತ್ತಿ ಕಾಫಿ ಬಣ್ಣಕ್ಕೆ ತಿರುಗಿತು.

ಎರಡನೆಯದು ವೈರು. ಬೆಲೆ ನೋಡಬೇಡ, ಕೆಂಪು ಕಪ್ಪು ನೋಡು ಎಂದೆ. ಗೋಡೆಗೆ ಬಣ್ಣ ಹೊಡೆಸಿದಾಗ ಯಾರೋ ಬಿಚ್ಚಿ, ಒಂದು ಪೆಟ್ಟಿಗೆಗೆ ಅದಲುಬದಲು ಸಿಕ್ಕಿಸಿದ್ದರು. ಆಗ ಒಂದು ಸ್ಪೀಕರು ಗಾಳಿಯನ್ನು ಮುಂದೆ ತಳ್ಳುವಾಗ ಇನ್ನೊಂದು ಹಿಂದಕ್ಕೆಳೆಯುತ್ತದೆ. ದಪ್ಪ ಸ್ವರಗಳು ಒಂದನ್ನೊಂದು ಅಳಿಸುತ್ತವೆ, ಹಾಡುವವರು ನಡುವೆ ನಿಂತಂತೆ ಕೇಳುವುದಿಲ್ಲ. ಸರಿಮಾಡಲು ಖರ್ಚು ಸೊನ್ನೆ. ಹತ್ತು ಅಡಿ ದೂರಕ್ಕೆ ಸಾಧಾರಣ ತಾಮ್ರದ ವೈರೇ ಧಾರಾಳ.

ಮೂರನೆಯದು ಮನೆ. ಇದನ್ನು ಕಲಿಸಿದ್ದು ನನ್ನ ವರ್ಗಾವಣೆಗಳು. ಮಾಲೂರಿನಲ್ಲಿ ನಾವಿದ್ದದ್ದು ಇಳಿಜಾರು ಹಂಚಿನ ಮನೆ, ಸದ್ದು ಮೃದುವಾಗಿತ್ತು. ಶ್ರೀನಿವಾಸಪುರದಲ್ಲಿ ಸೆಟ್ಟು ಇಟ್ಟ ಕೋಣೆಯಲ್ಲೇ ಮನೆಯ ಹಾಸಿಗೆಗಳೆಲ್ಲ ಪೇರಿಸಿರುತ್ತಿದ್ದವು. ಅಷ್ಟು ಚೆನ್ನಾಗಿ ಅದು ಮತ್ತೆಲ್ಲೂ ಹಾಡಲಿಲ್ಲ. ಮುಳಬಾಗಿಲಿನಲ್ಲಿ ಜಾಗವಿಲ್ಲದೆ ಪೆಟ್ಟಿಗೆಗಳನ್ನು ಮೂಲೆಗೆ ತಳ್ಳಿದೆ. ದಪ್ಪ ಸ್ವರ ಉಬ್ಬಿ ಹಾಡುವವರ ದನಿಯನ್ನೇ ನುಂಗಿತು. ಈ ಕೋಲಾರದ ಮನೆಯಲ್ಲಿ ಆರ್‌ಸಿಸಿ ಛಾವಣಿ, ನುಣುಪು ನೆಲ, ಬರಿಯ ಗೋಡೆ. ನೀವೂ ನಿಮ್ಮ ಹಾಲಿನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. 'ಠಣ್' ಎಂದು ಬಾಲ ಎಳೆದರೆ ಪ್ರತಿ ಹಾಡಿಗೂ ಆ ಬಾಲ ಅಂಟುತ್ತದೆ. ನಾವು ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಎಳೆದೆವು. ಪೆಟ್ಟಿಗೆಗಳನ್ನು ಗೋಡೆಯಿಂದ ಎರಡಡಿ ಈಚೆ ತಂದು, ಕೂತವರ ಕಿವಿಯ ಎತ್ತರಕ್ಕೆ ಇಟ್ಟೆವು. ಪೆಟ್ಟಿಗೆ ಎರಡು, ಕೇಳುವವರು ಒಬ್ಬರು, ಮೂರೂ ಸಮಬಾಹು ತ್ರಿಕೋನದ ಮೂಲೆಗಳು.

ಹಾಗಾದರೆ ದುಡ್ಡು ಹಾಕುವುದೇ ಆದರೆ ಎಲ್ಲಿಗೆ? ಸ್ಪೀಕರಿಗೆ. ವಿದ್ಯುತ್ತನ್ನು ಗಾಳಿಯ ಅಲುಗಾಟವಾಗಿ ಮಾಡುವ ಕಷ್ಟದ ಕೆಲಸ ಅದರದ್ದು. ಸದ್ದು ಹೆಚ್ಚು ಕೆಡುವುದೂ ಅಲ್ಲೇ. ನೂರು ರೂಪಾಯಿಯಲ್ಲಿ ಅರವತ್ತನ್ನು ನಾನು ಅದಕ್ಕೇ ಬರೆಯುತ್ತೇನೆ. ಕೆಟ್ಟಿರದ ಆಂಪ್ಲಿಫೈಯರನ್ನು ಅದರ ಪಾಡಿಗೆ ಬಿಡಿ. 50 ವ್ಯಾಟ್ ಹೋಗಿ 100 ಬಂದರೆ ಹೆಚ್ಚುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು ಹತ್ತರಷ್ಟು ವ್ಯಾಟ್ ಬೇಕು.

ಇಷ್ಟೆಲ್ಲ ಆದ ಮೇಲೆ ಕ್ಯಾಸೆಟ್ ಹಾಕಿದೆವು. ಎರಡು ಪೆಟ್ಟಿಗೆಗಳ ನಡುವೆ ಅವಳು ಬಂದು ಕೂತ ಹಾಗಾಯಿತು. ಮೊಮ್ಮಗಳು ತಲೆ ಎತ್ತದೆ ಬರೆದುಕೊಳ್ಳುತ್ತಾ ಹೋದಳು. ಕೊನೆಯ ಸಾಲು ಬರುವಷ್ಟರಲ್ಲಿ 'ಢಣಾರ್' ಎಂದು ಪಾತ್ರೆ ಬಿದ್ದ ಸದ್ದು! ಅವತ್ತು ಟೇಪ್ ರೆಕಾರ್ಡರನ್ನು ಅಡುಗೆಮನೆ ಬಾಗಿಲಲ್ಲಿ ಇಟ್ಟಿದ್ದವನು ನಾನೇ. ತುಂಬಿಕೊಳ್ಳುವಾಗ ಹೋದದ್ದನ್ನು 40 ಸಾವಿರದ ಆಂಪ್ಲಿಫೈಯರೂ ತಂದುಕೊಡಲಾರದು.

ಮುಳಬಾಗಿಲಿನಲ್ಲಿರುವ ನಾದಿನಿಗೆ ಫೋನು ಮಾಡಿದೆ. "ನನ್ನ ಹಸೆಗೆ ಅಕ್ಕ ಹಾಡಿದ್ದು, ನಾನು ಮರೀತೀನಾ ಭಾವ?" ಎಂದವಳೇ ಕೊನೆಯ ಸಾಲನ್ನು ಹಾಡಿಬಿಟ್ಟಳು. ಮೊಮ್ಮಗ ಅದನ್ನೂ ಮೊಬೈಲಿನಲ್ಲಿ ತುಂಬಿಕೊಂಡ. ಈ ಸಲ ಅಡುಗೆಮನೆ ಬಾಗಿಲು ಹಾಕಿಕೊಂಡು ಬಂದವನೂ ನಾನೇ.