ಗಡಿಯಾರ ಕೊಟ್ಟವನು ತಂದೆಯೇ?

ಅರ್ಲ್ ಮನೆತನದ ಲಾರ್ಡ್ ಕಾರ್ನ್‌ವಾಲಿಸ್ 1786ರಲ್ಲಿ ಕಂಪನಿಯ ಗವರ್ನರ್ ಜನರಲ್ ಆಗಿ ಬಂದ. ಅವನನ್ನು ದಯಾಳು ಎಂದು ಹೊಗಳುವವರು ಈಗಲೂ ಇದ್ದಾರೆ. ಆ ದಯೆಗೆ ರೂಪ ಕೊಟ್ಟದ್ದು ಕಂಪನಿ ಸೇನೆಯ ಜೊತೆಗಿದ್ದ ರಾಬರ್ಟ್ ಹೋಮ್‌ನ ಚಿತ್ರ: 1792ರ ಫೆಬ್ರವರಿ, ಶ್ರೀರಂಗಪಟ್ಟಣದ ಹೊರಗಿನ ಶಿಬಿರ. ಟಿಪ್ಪುವಿನ ಎಳೆಯ ಮಕ್ಕಳಾದ ಅಬ್ದುಲ್ ಖಾಲಿಕ್, ಮುಯಿಜುದ್ದೀನರನ್ನು ಕಾರ್ನ್‌ವಾಲಿಸ್ ಬರಮಾಡಿಕೊಳ್ಳುತ್ತಿದ್ದಾನೆ. ಮಕ್ಕಳಿಗೆ ಅವನು ಚಿನ್ನದ ಗಡಿಯಾರಗಳನ್ನೂ ಕೊಟ್ಟನಂತೆ.

ಸರಿ, ಆ ಮಕ್ಕಳು ಅಲ್ಲಿಗೆ ಬಂದದ್ದೇಕೆ? ಪ್ರೀತಿ ಅರಸಿಕೊಂಡೇ? ಟಿಪ್ಪು ತೆರಬೇಕಿದ್ದ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗೆ ಅವರು ಒತ್ತೆಯಾಳುಗಳು. ಅರ್ಧ ರಾಜ್ಯವನ್ನು ಕಂಪನಿ, ನಿಜಾಮ, ಮರಾಠರು ಹಂಚಿಕೊಂಡರು. ಮಕ್ಕಳು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ.

ಇದೇ ಕಾರ್ನ್‌ವಾಲಿಸ್ 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾಗಿದ್ದ. ಮೈ ಸರಿಯಿಲ್ಲವೆಂದು ಹೇಳಿ, ಶರಣಾಗತಿಯ ಮೆರವಣಿಗೆಗೆ ತನ್ನ ಕೈಕೆಳಗಿನ ಓಹಾರಾನನ್ನು ಕಳಿಸಿದ್ದ. ಅವನಿಗೂ ಒಬ್ಬ ಮಗನಿದ್ದ, ಒಬ್ಬ ಮಗಳಿದ್ದಳು. ಅವರನ್ನು ಒತ್ತೆಯಿಡು ಎಂದು ಯಾರೂ ಕೇಳಲಿಲ್ಲ. ಸೋತವನ ಮಾನ ಏನೆಂದು ಸ್ವತಃ ಬಲ್ಲವನು ಟಿಪ್ಪುವಿನಿಂದ ಕೇಳಿದ್ದು ಮಕ್ಕಳನ್ನು!

ನಮ್ಮಲ್ಲಿ ಟಿಪ್ಪುವಿನ ಹೆಸರೆತ್ತಿದರೆ ಸಾಕು, ಅವನ ತಪ್ಪುಗಳ ಪಟ್ಟಿ ಬಿಚ್ಚುತ್ತಾರೆ. ಬಿಚ್ಚಲಿ. ಅರಸನಾಗಿದ್ದವನು ವಿಚಾರಣೆಗೆ ಹೊರತಲ್ಲ. ಆದರೆ ತಕ್ಕಡಿ ಒಂದೇ ಇರಲಿ. ಟಿಪ್ಪು ಮಾಡಿದ್ದು ಕ್ರೌರ್ಯವಾದರೆ, ಕಾರ್ನ್‌ವಾಲಿಸ್ ಮಾಡಿದ್ದು ಶಿಷ್ಟಾಚಾರ ಹೇಗಾಗುತ್ತದೆ? ಸಾಲಕ್ಕೆ ಮಕ್ಕಳನ್ನು ಹಿಡಿದಿಟ್ಟುಕೊಂಡ ಸಾಹುಕಾರ ಅವರ ಕೈಗೊಂದು ಆಟಿಕೆ ಕೊಟ್ಟರೆ ನಮ್ಮ ಹಳ್ಳಿಯ ಜನ ಅವನನ್ನು ತಂದೆ ಎನ್ನುವುದಿಲ್ಲ. ಇತಿಹಾಸ ಬರೆಯುವವರಿಗೂ ಅಷ್ಟು ವಿವೇಕ ಇದ್ದರೆ ಸಾಕು.