ಆರು ಚಕ್ರದ ಕಾರು ಸೋತದ್ದೆಲ್ಲಿ?

ಫಾರ್ಮುಲಾ ಒನ್ ಇತಿಹಾಸದಲ್ಲಿ ಆರು ಚಕ್ರಗಳ ಕಾರು ಗೆದ್ದದ್ದು ಒಂದೇ ಒಂದು ಬಾರಿ. 1976ರ ಜೂನ್ 13ರಂದು ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ಬ್ರಿಟನ್ನಿನ ಟಿರೆಲ್ ತಂಡದ ಪಿ34 ಕಾರುಗಳು ಮೊದಲೆರಡು ಸ್ಥಾನಗಳನ್ನು ಪಡೆದವು. ಚಾಲಕರು ದಕ್ಷಿಣ ಆಫ್ರಿಕದ ಜೋಡಿ ಶೆಕ್ಟರ್ ಮತ್ತು ಫ್ರಾನ್ಸಿನ ಪ್ಯಾಟ್ರಿಕ್ ಡೆಪಾಯೆ. ಮುನ್ನಡೆಯಲ್ಲಿದ್ದ ಮಾರಿಯೊ ಆಂಡ್ರೆಟಿಯ ಲೋಟಸ್ ಕಾರಿನ ಎಂಜಿನ್ ಕೆಟ್ಟದ್ದೂ ಅವರಿಗೆ ಅನುಕೂಲವಾಯಿತೆನ್ನಬೇಕು. 1977ರ ಋತು ಮುಗಿಯುವ ಹೊತ್ತಿಗೆ ಆ ಕಾರು ಕಣದಿಂದ ಮರೆಯಾಯಿತು. ಅಂದಿನಿಂದ ಅದನ್ನು ವಿಲಕ್ಷಣ ವಸ್ತುಗಳ ಸಾಲಿಗೆ ಸೇರಿಸಿ ಮುಗುಳ್ನಗುವುದು ರೂಢಿಯಾಗಿದೆ. ಸೋತದ್ದು ವಿನ್ಯಾಸವೆಂಬ ಈ ತೀರ್ಪನ್ನು ನಾನು ಒಪ್ಪಲಾರೆ.

ವಿನ್ಯಾಸಕ ಡೆರೆಕ್ ಗಾರ್ಡ್ನರ್ ಅವರ ತರ್ಕ ಸರಳವಾಗಿತ್ತು. ಅಂದಿನ ಬಹುತೇಕ ಬ್ರಿಟಿಷ್ ತಂಡಗಳು ಒಂದೇ ಕಾಸ್‌ವರ್ತ್ ಎಂಜಿನ್ ಕೊಂಡು ಓಡಿಸುತ್ತಿದ್ದವು. ಶಕ್ತಿಯಲ್ಲಿ ಎಲ್ಲರೂ ಸಮಾನರಾದರೆ ಮೇಲುಗೈಯನ್ನು ಬೇರೆಡೆ ಹುಡುಕಬೇಕು. ಚಕ್ರಗಳು ಮೈಯಿಂದ ಹೊರಗೆ ತೆರೆದಿರುವ ಇಂಥ ಕಾರುಗಳಲ್ಲಿ ಮುಂದಿನ ಎರಡು ದೊಡ್ಡ ಚಕ್ರಗಳು ಗಾಳಿಗೆ ಅಡ್ಡ ನಿಲ್ಲುತ್ತವೆ, ಜೊತೆಗೆ ಕಾರಿನ ಮೂತಿಯನ್ನು ಮೇಲಕ್ಕೆತ್ತಲು ನೋಡುತ್ತವೆ. ಅವುಗಳ ಬದಲು 10 ಅಂಗುಲದ ನಾಲ್ಕು ಪುಟ್ಟ ಚಕ್ರಗಳನ್ನಿಟ್ಟು, ನಿಯಮ ಅನುಮತಿಸಿದ್ದ 150 ಸೆಂಟಿಮೀಟರ್ ಅಗಲದ ಮೂತಿಯ ಹಿಂದೆ ಮರೆಮಾಡಿದರೆ ಎರಡೂ ತೊಂದರೆ ತಗ್ಗುತ್ತದೆ. ನಾಲ್ಕು ಟೈರು ನೆಲ ಹಿಡಿಯುವುದರಿಂದ ಬ್ರೇಕಿಗೂ ಬಲ. ಹಿಂದಿನ ಚಕ್ರಗಳು ದೊಡ್ಡವಾಗಿಯೇ ಉಳಿದದ್ದರಿಂದ ನೇರ ಹಾದಿಯ ವೇಗ ನಿರೀಕ್ಷಿಸಿದಷ್ಟು ಏರಲಿಲ್ಲ. ಆದರೆ ಬ್ರೇಕು ಹಾಕಿ ತಿರುವಿಗೆ ನುಗ್ಗುವಲ್ಲಿ ಲಾಭ ಕಂಡಿತು. ಮರೆಯಲ್ಲಿದ್ದ ಆ ಪುಟ್ಟ ಚಕ್ರಗಳು ಚಾಲಕನಿಗೆ ಕಾಣಲೆಂದು ಆಸನದ ಪಕ್ಕದಲ್ಲಿ ಪಾರದರ್ಶಕ ಕಿಟಕಿ ಕೊರೆದಿದ್ದರು!

ಆ ವರ್ಷ ತಯಾರಕರ ಪಟ್ಟಿಯಲ್ಲಿ ಟಿರೆಲ್ 71 ಅಂಕಗಳೊಂದಿಗೆ ಮೂರನೆಯದು. ಎರಡನೆಯದಾದ ಮೆಕ್ಲಾರೆನ್‌ಗೆ 74. ಋತುವಿನ ಮೊದಲ ಕೆಲವು ಪಂದ್ಯಗಳನ್ನು ತಂಡ ಹಳೆಯ ನಾಲ್ಕು ಚಕ್ರದ 007 ಕಾರಿನಲ್ಲೇ ಓಡಿತ್ತು. ಇದು ವಿಫಲ ಕಾರಿನ ಲೆಕ್ಕಪತ್ರವಲ್ಲ. ಶೆಕ್ಟರ್‌ಗೆ ಮಾತ್ರ ಈ ಕಾರು ಹಿಡಿಸಲಿಲ್ಲ. ವರ್ಷಾಂತ್ಯಕ್ಕೆ ಅವರು ತಂಡ ತೊರೆದರು.

ಕಂಟಕ ಬಂದದ್ದು ಟೈರಿನಿಂದ. ಆಗ ಬಹುತೇಕ ಎಲ್ಲ ತಂಡಗಳಿಗೂ ಟೈರು ಒದಗಿಸುತ್ತಿದ್ದುದು ಗುಡ್‌ಇಯರ್. ಅರ್ಥಶಾಸ್ತ್ರದಲ್ಲಿ ಪೂರಕ ಸರಕು ಎಂಬ ಮಾತಿದೆ: ಲೇಖನಿಗೆ ಮಸಿ ಇದ್ದಂತೆ. 10 ಅಂಗುಲದ ಟೈರು ಬೇಕಾಗಿದ್ದುದು ಇಡೀ ಕಣದಲ್ಲಿ ಒಂದೇ ತಂಡಕ್ಕೆ, ಎರಡೇ ಕಾರುಗಳಿಗೆ. ಉಳಿದವರ ದೊಡ್ಡ ಟೈರುಗಳು ವರ್ಷದಿಂದ ವರ್ಷಕ್ಕೆ ಸುಧಾರಿಸಿದವು. ಈ ಪುಟ್ಟ ಟೈರು ಇದ್ದಲ್ಲೇ ಇತ್ತು. 1977ರಲ್ಲಿ ರೆನೋ ಜೊತೆ ಮಿಶೆಲಿನ್ ಕಣಕ್ಕಿಳಿದ ಮೇಲಂತೂ ಗುಡ್‌ಇಯರ್‌ಗೆ ಬೇರೆ ಚಿಂತೆಯೇ ಹತ್ತಿತು. ಅದನ್ನು ದೂರುವುದು ನ್ಯಾಯವಲ್ಲ. ವ್ಯಾಪಾರಿ ತನ್ನ ಲೆಕ್ಕದಂತೆ ನಡೆದ, ಅಷ್ಟೆ.

ಪರಿಣಾಮ ಮಾತ್ರ ಘೋರವಾಯಿತು. ಪಿ34ರ ಹಿಂದಿನ ಟೈರುಗಳು ಎಲ್ಲರಂತೆ ಉತ್ತಮಗೊಂಡವು, ಮುಂದಿನವು ಹಾಗೆಯೇ ಉಳಿದವು. ಕಾರಿನ ಸಮತೋಲ ತಪ್ಪಿತು. ಹಿಡಿತ ಮರಳಿ ಪಡೆಯಲು ಮುಂಭಾಗದ ಚಕ್ರಗಳನ್ನು ಅಗಲಕ್ಕೆ ಸರಿಸಿದರು. ಆಗ ಅವು ಮೂತಿಯ ಮರೆಯಿಂದ ಹೊರಬಂದು ಮತ್ತೆ ಗಾಳಿಗೆ ಒಡ್ಡಿಕೊಂಡವು. ಯಾವುದಕ್ಕಾಗಿ ಆರು ಚಕ್ರ ಇಟ್ಟಿದ್ದರೋ ಅದೇ ಇಲ್ಲವಾಯಿತು! ಕಾರಿನ ತೂಕವೂ ಏರಿತ್ತು. ರೋನಿ ಪೀಟರ್ಸನ್‌ರಂಥ ಅಪ್ರತಿಮ ವೇಗದ ಚಾಲಕನಿದ್ದೂ ಆ ವರ್ಷ ತಂಡಕ್ಕೆ ದಕ್ಕಿದ್ದು 27 ಅಂಕ. ಗಾರ್ಡ್ನರ್ ತಂಡ ಬಿಟ್ಟರು. 1978ರಲ್ಲಿ ಡೆಪಾಯೆ ನಾಲ್ಕು ಚಕ್ರದ 008 ಕಾರಿನಲ್ಲಿ ಮೊನಾಕೊ ಪಂದ್ಯ ಗೆದ್ದಾಗ, ಆರು ಚಕ್ರ ಹುಚ್ಚಾಟವೆಂಬ ಮಾತಿಗೆ ಮುದ್ರೆ ಬಿತ್ತು.

ಇದಕ್ಕೊಂದು ಉತ್ತರಾರ್ಧವಿದೆ. ದಶಕಗಳ ನಂತರ ಹಳೆಯ ಕಾರುಗಳ ಸ್ಪರ್ಧೆಗಾಗಿ ಏವನ್ ಕಂಪನಿ 10 ಅಂಗುಲದ ಟೈರು ತಯಾರಿಸಿಕೊಟ್ಟಿತು. 2000ದಲ್ಲಿ ಮಾರ್ಟಿನ್ ಸ್ಟ್ರೆಟನ್ ಇದೇ ಪಿ34ರಲ್ಲಿ ಹಳೆಯ ಗ್ರ್ಯಾನ್ ಪ್ರಿ ಕಾರುಗಳ ಚಾಂಪಿಯನ್‌ಷಿಪ್ ಗೆದ್ದರು. ಹಳೆಯ ಕಾರುಗಳ ಓಟಕ್ಕೂ ನೈಜ ಕಣಕ್ಕೂ ಅಂತರವಿದೆ, ನಿಜ. ಆದರೂ ಸರಿಯಾದ ಟೈರು ಸಿಕ್ಕೊಡನೆ ಕಾರು ಓಡಿತೆಂಬುದನ್ನು ಅಲ್ಲಗಳೆಯಲಾಗದು.

ಸರ್ಕಾರಿ ಸೇವೆಯಲ್ಲಿ ಖರೀದಿ ಕಡತಗಳನ್ನು ನೋಡಿದ ನನಗೆ ಇದು ಕಾರಿನ ಕಥೆಯಷ್ಟೇ ಎನಿಸುವುದಿಲ್ಲ. ಬಿಡಿಭಾಗ ಸಿಗದೆ ಮೂಲೆ ಸೇರಿದ ಯಂತ್ರದ ಮೇಲೆ ‘ನಿರುಪಯುಕ್ತ’ ಎಂದು ಷರಾ ಬರೆದು ಕಡತ ಮುಚ್ಚುವುದು ನಮ್ಮಲ್ಲೂ ಉಂಟು. ಮೋಟಾರು ಕ್ರೀಡೆಯ ಆಡಳಿತ ಇನ್ನೂ ಮುಂದೆ ಹೋಯಿತು. 1982ರಲ್ಲಿ ವಿಲಿಯಮ್ಸ್ ತಂಡ ಹಿಂದೆ ನಾಲ್ಕು ಚಕ್ರಗಳಿರುವ ಕಾರನ್ನು ಪರೀಕ್ಷಿಸುತ್ತಿದ್ದಂತೆ, 1983ರಿಂದ ನಾಲ್ಕಕ್ಕಿಂತ ಹೆಚ್ಚು ಚಕ್ರ ಕೂಡದೆಂಬ ನಿಯಮ ಬಂತು. ಇಂಥ ನಿಷೇಧಗಳಿಗೆ ಕೊಡುವ ಕಾರಣಗಳು ಎರಡು, ಸುರಕ್ಷತೆ ಮತ್ತು ಖರ್ಚು. ಸುರಕ್ಷತೆಯನ್ನು ಪ್ರಶ್ನಿಸಲಾರೆ. ಖರ್ಚಿನ ಮಾತೇ ಬೇರೆ: 2021ರಲ್ಲಿ ಪ್ರತಿ ತಂಡದ ವೆಚ್ಚಕ್ಕೆ 14.5 ಕೋಟಿ ಡಾಲರ್‌ಗಳ ಮೂಲ ಮಿತಿ ಹೇರಿದ ಮೇಲೆ ಆ ವಾದಕ್ಕೆ ಹಿಂದಿನ ತೂಕವಿಲ್ಲ. ಒಟ್ಟು ಹಣಕ್ಕೆ ಮಿತಿ ಇಟ್ಟವರು, ಆ ಹಣವನ್ನು ಯಾವ ಆಕಾರದ ಮೇಲೆ ತೊಡಗಿಸಬೇಕೆಂಬುದನ್ನು ವಿನ್ಯಾಸಕನಿಗೇ ಬಿಡುವುದು ಲೇಸು. ಅದಕ್ಕೆ ಟೈರಿನ ಒಪ್ಪಂದವೂ ಬದಲಾಗಬೇಕು. 2011ರಿಂದ ಎಲ್ಲ ತಂಡಗಳಿಗೂ ಪಿರೆಲಿಯೊಂದೇ ಟೈರು ಒದಗಿಸುತ್ತ ಬಂದಿದೆ. ಅಳತೆಯನ್ನು ನಿಯಮವೇ ಗೊತ್ತುಮಾಡುತ್ತದೆ. ಮುಂದಿನ ಟೆಂಡರಿನಲ್ಲಿ ಬೇರೆ ಅಳತೆಯ ಟೈರು ಕೇಳುವ ತಂಡಕ್ಕೂ, ಹೆಚ್ಚುವರಿ ವೆಚ್ಚವನ್ನು ಅದರ ಮಿತಿಯಲ್ಲೇ ಹಿಡಿದು, ಪೂರೈಸತಕ್ಕದ್ದೆಂಬ ಒಂದು ಷರತ್ತು ಸೇರಿಸಬಹುದು.